ಆಟಕ್ಕೊಗ್ಗುವ ಆಲ್-ಮೌಂಟನ್ ಸ್ಕೀ: ಆಯ್ಕೆ, ಜೋಡಣೆ

ಬೆಟ್ಟದ ಎಲ್ಲ ಬಗೆಯ ಹಿಮಕ್ಕೂ ಹೊಂದುವ ಈ ಸ್ಕೀಯ ನಡುಭಾಗದ ಅಗಲ 95ರಿಂದ 102 ಮಿಮೀ ಇರಲಿ. ಎರಡೂ ತುದಿ ಮೇಲಕ್ಕೆ ಬಾಗಿ, ಕಾಲಡಿಯಲ್ಲಿ ಕ್ಯಾಂಬರ್ (ಕಮಾನಿನಂಥ ಉಬ್ಬು) ಇದ್ದರೆ ತಿರುಗಿಸುವುದು ಸಲೀಸು. ಆದರೆ ಹಿಮ ಹಿಡಿಯುವ ಅಂಚು ಕಡಿಮೆಯಾಗುತ್ತದೆ, ಹಾಗಾಗಿ ತೀರಾ ಗಿಡ್ಡದ್ದು ಬೇಡ.

ಸ್ಕೀಯ ಗುಣ ನಿಜಕ್ಕೂ ಬದಲಾಗುವುದು ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನ) ಕೂರಿಸುವ ಜಾಗದಿಂದ. ಬೂಟಿನ ನಡುಗೆರೆ ಕಂಪನಿಯ ಗುರುತಿಗಿಂತ 1 ಸೆಂಮೀ ಮುಂದಿದ್ದರೆ ಗಾಳಿಯಲ್ಲಿ ತಿರುಗಲು ಹಗುರ. ಇನ್ನೂ ಮುಂದೆ ಸರಿಸಿದರೆ ಗುಲ್ಮಾರ್ಗ್‌ನಂಥ ಕಡೆ ಆಳದ ಹಿಮದಲ್ಲಿ ಮೂತಿ ಮುಳುಗುತ್ತದೆ. ಬೈಂಡಿಂಗ್ ಸ್ಕ್ರೂಗಳಿಗೆ ತೂತು ಕೊರೆಯುವ ಅಳತೆ (ವ್ಯಾಸ × ಆಳ) ಸ್ಕೀ ಮೇಲೆಯೇ ಅಚ್ಚಾಗಿರುವುದುಂಟು: ಸಾಮಾನ್ಯವಾಗಿ 3.6 × 9 ಮಿಮೀ, ಲೋಹದ ಪದರವಿದ್ದರೆ 4.1 × 9. ತೂತಿಗೆ ಅಂಟು ಹಾಕದಿದ್ದರೆ ನೀರಿಳಿದು ಒಳಗಿನ ಮರ ಕೊಳೆತು ಸ್ಕ್ರೂ ಕಿತ್ತುಬರುತ್ತದೆ.

ಅಂಚಿನ ಕೋನ ತಳಕ್ಕೆ 1 ಡಿಗ್ರಿ, ಬದಿಗೆ 2. ತುದಿ ಹಿಮಕ್ಕೆ ಸಿಕ್ಕಿ ಎಳೆಯುತ್ತಿದ್ದರೆ ಅಷ್ಟು ಭಾಗವನ್ನು ಮಾತ್ರ ಮೊಂಡು ಮಾಡಿ. ಡಿನ್, ಅಂದರೆ ಬಿದ್ದಾಗ ಬೈಂಡಿಂಗ್ ಎಷ್ಟು ಬಲಕ್ಕೆ ಬೂಟನ್ನು ಬಿಡಬೇಕೆಂಬ ಅಳತೆ, ಮಾತ್ರ ಅಂದಾಜಿನ ಕೆಲಸವಲ್ಲ, ಅಂಗಡಿಯಲ್ಲೇ ಪರೀಕ್ಷಿಸಿ ಹೊಂದಿಸಲಿ.