ನಾಲ್ಕು ಕೆ.ಜಿ. ದಾರಕ್ಕೆ ಹನ್ನೊಂದು ಕೆ.ಜಿ. ಕಾಟ್ಲಾ: ನನ್ನ ಅನುಭವ

0.22 ಎಂ.ಎಂ. ತಂಗೂಸಿ, ಡಬ್ಬದ ಮೇಲೆ ನಾಲ್ಕು ಕೆ.ಜಿ. ಎಳೆತ ತಡೆಯುತ್ತದೆ ಅಂತ ಅಚ್ಚಾಗಿರುವುದು. 2000 ಸೈಜಿನ ರೀಲು, ಏಳಡಿ ಲೈಟ್ ರಾಡು. ಜಿಲೇಬಿ ಮೀನು (ತಿಲಾಪಿಯಾ) ಹಿಡಿಯುವ ಸೆಟ್ಟು ಇದು. ಇದರಲ್ಲೇ ಮಾರ್ಕೋನಹಳ್ಳಿ ಹಿನ್ನೀರಲ್ಲಿ ಹನ್ನೊಂದು ಕೆ.ಜಿ. ಆಸುಪಾಸಿನ ಕಾಟ್ಲಾ ದಡ ಸೇರಿದೆ. ಐದಾರು ಕೆ.ಜಿ. ರೋಹುಗಳನ್ನು ಲೆಕ್ಕ ಇಡುವುದನ್ನೇ ಬಿಟ್ಟಾಯಿತು. 'ಹೊಲಿಗೆ ದಾರದಲ್ಲಿ ಎಮ್ಮೆ ಕಟ್ಟೋಕೆ ಹೊರಟವ್ನೆ' ಎಂದು ನಕ್ಕವರೇ ಈಗ ಡ್ರ್ಯಾಗ್ (ಮೀನು ಎಳೆದಾಗ ಇಂತಿಷ್ಟು ಬಲಕ್ಕೆ ದಾರ ಬಿಡುವ ರೀಲಿನ ಬ್ರೇಕು) ಎಷ್ಟಕ್ಕೆ ಇಟ್ಟಿದ್ದೀಯ ಎಂದು ಕೇಳುತ್ತಾರೆ.

ಉತ್ತರ: ಒಂದು ಕೆ.ಜಿ. ಬೆರಳಲ್ಲಿ ಎಳೆದು ನೋಡಿದ ಒಂದು ಕೆ.ಜಿ. ಅಲ್ಲ, ತೂಗಿದ್ದು. ಗುಜರಿಯವರು ಹಿಡಿಯುವ ಕೊಕ್ಕೆ ತಕ್ಕಡಿ ನೂರೈವತ್ತು ರೂಪಾಯಿಗೆ ಸಿಗುತ್ತದೆ. ದಾರದ ತುದಿಯನ್ನು ಅದಕ್ಕೆ ಕಟ್ಟಿ, ರಾಡನ್ನು 45 ಡಿಗ್ರಿಗೆ ಎತ್ತಿ, ಮತ್ತೊಬ್ಬರ ಕೈಲಿ ತಕ್ಕಡಿ ಎಳೆಸಬೇಕು. ರೀಲಿನಿಂದ ನೇರ ಎಳೆದು ತೂಗಿದರೆ ಲೆಕ್ಕ ತಪ್ಪುತ್ತದೆ. ಬಾಗಿದ ರಾಡಿನ ಉಂಗುರಗಳ ಉಜ್ಜುವಿಕೆಯೇ ಇನ್ನೂರು ಮುನ್ನೂರು ಗ್ರಾಂ ಸೇರಿಸುತ್ತದೆ. ದಾರದ ತಾಕತ್ತಿನ ಕಾಲು ಭಾಗ ಸಾಕು. ಗಂಟು ಬಿದ್ದ ಕಡೆ ದಾರ ಹೇಗೂ ಸೊರಗಿರುತ್ತದೆ. ಗಂಟನ್ನು ಬಿಗಿಯುವ ಮುಂಚೆ ಎಂಜಲು ಹಚ್ಚುವುದನ್ನು ಗಾಳ ಹಾಕುವವರಿಗೆ ಹೇಳಿಕೊಡಬೇಕಿಲ್ಲ.

ತಕ್ಕಡಿಯಲ್ಲಿ ನೋಡಬೇಕಾದ್ದು ಇನ್ನೊಂದಿದೆ. ದಾರ ಬಿಡಲು ಶುರುವಾಗುವ ಕ್ಷಣದಲ್ಲಿ ಮುಳ್ಳು ಎಲ್ಲಿಗೆ ಹಾರುತ್ತದೆ, ಆಮೇಲೆ ಎಲ್ಲಿ ನಿಲ್ಲುತ್ತದೆ? ಅಗ್ಗದ ರೀಲುಗಳು ಒಂದು ಕೆ.ಜಿ.ಗೆ ಓಡುತ್ತವೆ ನಿಜ, ಆದರೆ ಹೊರಡುವುದಕ್ಕೆ ಒಂದೂಮುಕ್ಕಾಲು ಬೇಕು. ದೊಡ್ಡ ಮೀನು ನಿಂತು ನಿಂತು ಓಡುತ್ತದೆ, ಪ್ರತಿ ಸಲವೂ ಆ ಜಗ್ಗು ದಾರಕ್ಕೆ ಬೀಳುತ್ತದೆ. 'ದಾರ ಸಣ್ಣ, ಅದಕ್ಕೇ ಕಿತ್ತುಹೋಯ್ತು' ಎನ್ನುವ ಮುಕ್ಕಾಲು ಪಾಲು ಪ್ರಕರಣ ಇಷ್ಟೇ. ದಾರ ಸುತ್ತಿರುವ ಸ್ಪೂಲಿನ ಒಳಗಿನ ಫೆಲ್ಟ್ ವಾಷರ್ ತೆಗೆದು ಕಾರ್ಬನ್ ವಾಷರ್ ಹಾಕಿದರೆ ಇನ್ನೂರೈವತ್ತರಲ್ಲಿ ಕೆಲಸ ಮುಗಿಯಿತು. ಡ್ರ್ಯಾಗ್ ಗ್ರೀಸು ತೆಳ್ಳಗೆ, ಬೆರಳು ಸವರಿದಷ್ಟು. ಬೈಕಿನ ಬೇರಿಂಗ್ ಗ್ರೀಸು ಹಾಕಿದರೆ ಅಂಟು ಕಟ್ಟಿ ಜಗ್ಗು ಇನ್ನೂ ಜಾಸ್ತಿಯಾಗುತ್ತದೆ.

ಮೀನು ದೂರ ಓಡಿದಾಗ ಎಲ್ಲರೂ ಡ್ರ್ಯಾಗ್ ಬಿಗಿಯುತ್ತಾರೆ. ಸಡಿಲ ಮಾಡಬೇಕು. ತುಂಬಿದ ಸ್ಪೂಲಿನ ಅಡ್ಡಗಲ 42 ಎಂ.ಎಂ. ಅಂತಿಟ್ಟುಕೊಳ್ಳಿ, ದಾರ ಓಡಿ 30ಕ್ಕೆ ಇಳಿದರೆ ಒಂದು ಕೆ.ಜಿ. ಇದ್ದದ್ದು ತಾನೇ ಒಂದೂ ನಾನೂರು ಆಗಿರುತ್ತದೆ. ನೀರಲ್ಲಿ ಬಿಲ್ಲಾಗಿ ಬಿದ್ದ ದಾರದ ಎಳೆತ ಬೇರೆ. ಡ್ರ್ಯಾಗ್ ನಾಬನ್ನು ಸ್ವಲ್ಪ ಸಡಿಲ ಬಿಡಿ, ಬಲ ಬೇಕೆನಿಸಿದಾಗ ಸ್ಪೂಲಿನ ಅಂಚಿಗೆ ಬೆರಳು ಒತ್ತಿ. ಮೀನು ಹೊರಟ ತಕ್ಷಣ ಬೆರಳು ತೆಗೆಯಬಹುದು, ನಾಬು ಅಷ್ಟು ಬೇಗ ತಿರುಗುವುದಿಲ್ಲ. ಡ್ರ್ಯಾಗ್ ಜಾರುತ್ತಿರುವಾಗ ಹ್ಯಾಂಡಲ್ ತಿರುಗಿಸಲೇಬಾರದು. ರೀಲಿನ ಗೇರು ಅನುಪಾತ 5.2 ಇದ್ದರೆ ಹ್ಯಾಂಡಲ್ಲಿನ ಒಂದು ಸುತ್ತಿಗೆ ದಾರಕ್ಕೆ ಐದು ಹುರಿ ಬೀಳುತ್ತದೆ, ಮುಂದಿನ ಎಸೆತದಲ್ಲಿ ಎಲ್ಲಾ ಸಿಕ್ಕು.

ರಾಡನ್ನು ಆಕಾಶಕ್ಕೆ ಹಿಡಿದು ನಿಲ್ಲುವುದು ಫೋಟೋಗೆ ಚೆಂದ. ಮೀನಿಗೆ ಅದರಿಂದ ಏನೂ ಆಗುವುದಿಲ್ಲ, ಸುಮ್ಮನೆ ಒರಗಿಕೊಂಡು ಸುಧಾರಿಸಿಕೊಳ್ಳುತ್ತದೆ. ರಾಡನ್ನು ನೀರಿಗೆ ಸಮನಾಗಿ ಮಲಗಿಸಿ, ಮೀನು ಎಡಕ್ಕೆ ಹೊರಟರೆ ಬಲಕ್ಕೆ ಎಳೆಯಿರಿ. ತಲೆ ತಿರುಗಿದರೆ ಮೈಯೂ ತಿರುಗಲೇಬೇಕು. ತಿರುಗಿದ ಕೂಡಲೇ ಪಕ್ಕ ಬದಲಿಸಿ. ಒಂದು ನಿಮಿಷವೂ ವಿಶ್ರಾಂತಿ ಕೊಡಬಾರದು. ಹತ್ತು ಕೆ.ಜಿ. ಮೀನು ಅರ್ಧ ಗಂಟೆ, ನಲವತ್ತು ನಿಮಿಷಕ್ಕೆ ಮಗ್ಗುಲಾಗುತ್ತದೆ.

ನಮ್ಮ ತುಮಕೂರು ಕಡೆ ಕೆರೆಗಳಲ್ಲಿ ಮೀನಿಗಿಂತ ದೊಡ್ಡ ಶತ್ರು ಕರಿಜಾಲಿ. ಕೆರೆ ಒಣಗಿದ ವರ್ಷಗಳಲ್ಲಿ ಅಂಗಳದ ತುಂಬ ಬೆಳೆದದ್ದು ಹೇಮಾವತಿ ನೀರು ಬಿಟ್ಟಾಗ ಮುಳುಗುತ್ತದೆ. ಬೇಸಿಗೆಯಲ್ಲೇ ಹೋಗಿ ಮರ, ಮೋಟು ಎಲ್ಲಿವೆ ಎಂದು ಗುರುತು ಮಾಡಿಕೊಂಡು ಬರಬೇಕು. ಮರದ ಕಡೆಗೆ ಓಡಿದರೆ ಎಳೆಯುವುದಲ್ಲ, ದಾರ ಪೂರ್ತಿ ಸಡಿಲ ಬಿಡುವುದು. ಒತ್ತಡ ಹೋದರೆ ಎಷ್ಟೋ ಸಲ ಅದೇ ನಿಲ್ಲುತ್ತದೆ. ಅಷ್ಟರಲ್ಲಿ ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ನಡೆದು ಬೇರೆ ಕೋನದಿಂದ ಹಿಡಿಯಬೇಕು. ಏರಿಯ ಕಲ್ಲುಕಟ್ಟಣೆ ಮೇಲೆ ನಿಂತು ದೊಡ್ಡ ಮೀನು ಎಳೆಯಬೇಡಿ, ಕಲ್ಲಿನ ಅಂಚಿಗೆ ದಾರ ಉಜ್ಜುತ್ತದೆ. ಗಾಳದ ಮೇಲೆ 0.28 ಎಂ.ಎಂ. ಲೀಡರು (ತುದಿಗೆ ಸೇರಿಸುವ ದಪ್ಪ ದಾರ) ಎರಡಡಿ ಇರಲಿ. ಕೊಕ್ಕೆ ಆರು ಅಥವಾ ಎಂಟನೇ ನಂಬರು, ಆದರೆ ದಪ್ಪ ಕಂಬಿಯದು; ಸಪೂರ ಕಂಬಿ ನೆಟ್ಟಗಾಗಿಬಿಡುತ್ತದೆ.

ದಪ್ಪ ಬ್ರೇಡ್ (ಎಳೆಗಳನ್ನು ಹೆಣೆದ ದಾರ) ಹಾಕಿದರೆ ಇಷ್ಟು ಗೋಳಿಲ್ಲವಲ್ಲ ಎನ್ನುವವರಿಗೆ: ಅದೂ ಆಯಿತು, ಆರುನೂರು ರೂಪಾಯಿ ನೀರಿಗೆ. ಬ್ರೇಡು ಹಿಗ್ಗುವುದಿಲ್ಲ, ಕಾಟ್ಲಾ ಬಾಯಿ ಮೆತ್ತಗೆ, ಹರಿದುಕೊಂಡು ಹೋಗುತ್ತದೆ. ಹಿಗ್ಗಲಿ ಎಂದು ಲೀಡರಿಗೆ ಸೈಕಲ್ ಟ್ಯೂಬಿನ ಪಟ್ಟಿ ಸೇರಿಸಿದ ಪ್ರಯೋಗವೂ ಉಂಟು. ಬಿಸಿಲಿಗೆ ಅದು ವಾರದಲ್ಲಿ ಬಿರುಕು ಬಿಟ್ಟಿತು, ಗಾಳವೂ ಸರಿಯಾಗಿ ನಾಟಲಿಲ್ಲ.

ಮೇವು ತಣ್ಣಗಾದ ರಾಗಿ ಮುದ್ದೆ, ಕಡಲೆಕಾಯಿ ಹಿಂಡಿ ಅರ್ಧಕ್ಕರ್ಧ. ಹಿಡಿತಕ್ಕೆ ಹತ್ತಿ ಎಳೆ ಬಿಡಿಸಿ ನಾದಬೇಕು, ಇಲ್ಲದಿದ್ದರೆ ಎಸೆತಕ್ಕೇ ಉದುರುತ್ತದೆ. ಮೂರನೆಯ ಸಾಮಾನೊಂದು ಬೀಳುತ್ತದೆ, ಅದನ್ನು ಮಾತ್ರ ಕೇಳಬೇಡಿ.

ಕೈಬಲೆಗೆ ಎರಡಡಿ ಅಗಲದ ಕಬ್ಬಿಣದ ಬಳೆಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರೆ ಮುನ್ನೂರರಿಂದ ನಾನೂರು. ಅದಕ್ಕೆ ಸೊಳ್ಳೆ ಪರದೆ ಕಟ್ಟಿದರೆ ಕೆಟ್ಟಿರಿ, ನೀರು ಹಿಡಿದುಕೊಂಡು ಎತ್ತಲು ಬರುವುದಿಲ್ಲ. ಅಗಲ ಕಣ್ಣಿನ ಬಲೆಯೇ ಬೇಕು. ಬಲೆ ಮೊದಲೇ ನೀರೊಳಗೆ ಇರಬೇಕು, ಮೀನನ್ನು ಅದರ ಮೇಲಕ್ಕೆ ತರಬೇಕು, ತಲೆ ಮೊದಲು. ಬಲೆ ಹಿಡಿದು ಮೀನಿನ ಹಿಂದೆ ಹೋದರೆ ಬಾಲ ತಾಗಿ ಮತ್ತೊಮ್ಮೆ ಓಡುತ್ತದೆ. ದಡದ ಹತ್ತಿರ ಹೊರಗಿರುವ ದಾರ ಕಡಿಮೆ, ಹಿಗ್ಗೂ ಕಡಿಮೆ. ಹಾಗಾಗಿ ಕೊನೆಯ ಐದು ಮೀಟರಿಗೆ ಡ್ರ್ಯಾಗನ್ನು ಏಳುನೂರು ಗ್ರಾಂಗೆ ಇಳಿಸಿ. ಮೀನುಗಾರರ ಸೊಸೈಟಿಯದೋ ಕೆರೆ ಗುತ್ತಿಗೆದಾರರದೋ ಅನುಮತಿ ಕೇಳಿಯೇ ಗಾಳ ಹಾಕಿ. ದೊಡ್ಡ ಮೀನು ಸಿಕ್ಕ ದಿನವೇ ಜಗಳ ಬರುವುದು.

ಮೀನು ಬಿದ್ದ ಮೇಲೆ ತುದಿಯ ಮೂರು ಮೀಟರು ದಾರ ಕತ್ತರಿಸಿ ಎಸೆಯಿರಿ, ನೋಡಲು ಚೆನ್ನಾಗಿದ್ದರೂ ಸರಿ. ನೂರೈವತ್ತು ಮೀಟರಿಗೆ ಮುನ್ನೂರು ರೂಪಾಯಿ, ಮೂರು ಮೀಟರಿಗೆ ಆರು.