ಹಿತ್ತಲ ಧರೆಗೆ ಲಾವಂಚ: ಮೂರು ಮಳೆಗಾಲದ ಲೆಕ್ಕ

2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದ ಮೇಲೆ ನಮ್ಮ ಕಡೆ ಧರೆ (ಗುಡ್ಡ ಕಡಿದಲ್ಲಿ ನಿಲ್ಲುವ ಕಡಿದಾದ ಮಣ್ಣಿನ ಗೋಡೆ) ಅಂದರೆ ಎಲ್ಲರ ಬಾಯಲ್ಲೂ ಕಾಂಕ್ರೀಟ್ ಗೋಡೆಯದ್ದೇ ಮಾತು. ನನ್ನದು ಅರವತ್ತಡಿ ಉದ್ದ, ಇಪ್ಪತ್ತಡಿ ಎತ್ತರದ ಧರೆ. ಗೋಡೆಗೆ ಐದು ಲಕ್ಷದ ಮೇಲೆ ಹೇಳಿದರು. ಹಳಬರ ಕ್ರಮದಲ್ಲೇ ಮೇಲಿನ ನೀರು ತಿರುಗಿಸಿ, ಆಳಕ್ಕೆ ಬೇರು ಬಿಡುವ ಲಾವಂಚದ ಹುಲ್ಲು ಹಚ್ಚಿದೆ. ಖರ್ಚು ಇಪ್ಪತ್ತೈದು ಸಾವಿರದ ಆಚೀಚೆ, ಮುಕ್ಕಾಲು ಪಾಲು ಆಳಿನ ಕೂಲಿ. "ಹುಲ್ಲು ಗುಡ್ಡ ಹಿಡಿಯುತ್ತದಾ" ಅಂದವರೇ ಈಗ ಬುಡ ಕೇಳಿಕೊಂಡು ಬರುತ್ತಾರೆ. ಕಳೆದೆರಡು ಮಳೆಗಾಲ ಒಂದು ಬುಟ್ಟಿ ಮಣ್ಣೂ ಇಳಿದಿಲ್ಲ.

ಮೊದಲ ವರ್ಷ ಕೆಟ್ಟದ್ದು ಮೇಲಿನ ಕಾಲುವೆಯಿಂದ. ಧರೆಯಂಚಿನಿಂದ ಹತ್ತಡಿ ಹಿಂದೆ, ಎರಡಡಿ ಅಗಲ, ಒಂದೂವರೆ ಅಡಿ ಆಳ ತೋಡಿ ಹಾಗೇ ಬಿಟ್ಟಿದ್ದೆ. ಜಡಿಮಳೆಗೆ ನೀರು ಹರಿಯುವ ಬದಲು ಅಲ್ಲೇ ಇಂಗಿತು. ಒಳಗೆ ಶೇಡಿ, ಅಂದರೆ ನುಣುಪಾದ ಬಿಳಿಚು ಮಣ್ಣಿನ ಪದರ ಅಡ್ಡ ಸಿಕ್ಕಲ್ಲಿ ಧರೆಯ ನಡುವೆ ಒರತೆ ಎದ್ದು ಹತ್ತಡಿ ಅಗಲ ಕಳಚಿ ಬಿತ್ತು. ಮರುವರ್ಷ ತಳಕ್ಕೆ ನಾಲ್ಕಿಂಚು ಜೇಡಿಮಣ್ಣು ಹಾಕಿ ದಿಮ್ಮಸಿನಿಂದ ಹೊಡೆಸಿದೆ, ತಿರುವುಗಳಲ್ಲಿ ಚಪ್ಪಡಿ ಕಲ್ಲು ಕೂರಿಸಿದೆ. ಹತ್ತಡಿಗೆ ಒಂದಿಂಚು ಇಳಿಜಾರು ಸಾಕು. ಹೆಚ್ಚಾದರೆ ಕಾಲುವೆಯೇ ಕೊರೆದು ಹೋಗುತ್ತದೆ. ಕಡಿದಾದ ಧರೆಯ ನೆತ್ತಿಯಲ್ಲಿ ಇಂಗುಗುಂಡಿ ತೆಗೆಸುವವರಿಗೆ ಮಾತ್ರ ಕೈಮುಗಿದು ಹೇಳುತ್ತೇನೆ, ಬೇಡ.

ಲಾವಂಚ ಜೂನ್ ಮೊದಲ ಮಳೆಗೇ ಆಗಬೇಕು. ಎರಡು ಮೂರು ಹಿಳ್ಳಿನ (ಬುಡದಿಂದೊಡೆದ ಕವಲಿನ) ಬುಡ, ಎಲೆ ಗೇಣುದ್ದಕ್ಕೆ ಕತ್ತರಿಸಿ, ಅರ್ಧ ಅಡಿಗೊಂದು. ಸಾಲಿಗೂ ಸಾಲಿಗೂ ನಾಲ್ಕಡಿ, ಸಾಲು ಮಟ್ಟಸವಾಗಿರಬೇಕು. ಆರುನೂರು ಸಾಕಿತ್ತು, ಸತ್ತದ್ದು ಸೇರಿ ಎಂಟುನೂರು ಹಿಡಿಯಿತು. ಸತ್ತದ್ದೆಲ್ಲ ಹಲಸಿನ ಮರದಡಿ, ಲಾವಂಚಕ್ಕೆ ನೆರಳಾಗದು. ಅಲ್ಲಿ ಲಕ್ಕಿ ಗಿಡದ ಗೂಟ ಊರಿದೆ, ಚಿಗುರಿತು. ಬೇರು ಇಳಿಯುವ ತನಕ ಧರೆಗೆ ಅಡಿಕೆ ಸೋಗೆ ಹೊದಿಸಿ ಬಿದಿರ ಗಳ ಅಡ್ಡ ಬಿಗಿಯಬೇಕು. ಟಾರ್ಪಾಲೂ ಹಾಕಿ ನೋಡಿದೆ; ಗಾಳಿಗೆ ಎದ್ದು, ನೀರು ಅದರ ಹಿಂದೆ ನುಗ್ಗಿತು.

ಒರತೆ ಎದ್ದಲ್ಲಿ ಇನ್ನೊಂದು ಪ್ರಯೋಗ: ಆರಡಿ ಬಿದಿರಿನ ಗಂಟು ಒಡೆದು, ಬಾಯಿ ತುಸು ಕೆಳಗಿರುವಂತೆ ಧರೆಗೆ ತೂರಿಸಿದೆ. ತಿಂಗಳೊಳಗೆ ಶೇಡಿ ಕಟ್ಟಿಕೊಂಡಿತು. ಒಳತುದಿಗೆ ತೆಂಗಿನ ನಾರು ಸುತ್ತಿ ಮತ್ತೆ ಕೂರಿಸಿದ ಮೇಲೆ ಬೆರಳು ದಪ್ಪ ತಿಳಿನೀರು ಬೀಳುತ್ತಿದೆ. ಬಿದಿರು ಕೊಳೆಯುತ್ತದೆ, ಆಗಾಗ ಬದಲಿಸುವುದು.

ಇದೆಲ್ಲ ಮೇಲ್ಪದರದ ಜಾರಿಕೆಗೆ. ಬೇರು ಮುಟ್ಟದ ಆಳದಲ್ಲಿ ಗುಡ್ಡವೇ ಹೊರಟರೆ ಲಾವಂಚ ತಡೆಯದು. ನೆತ್ತಿಯಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು ಕಂಡರೆ, ತಿಳಿಯಾಗಿದ್ದ ಒರತೆ ಕೆಂಪು ತಿರುಗಿದರೆ, ಕಾಲುವೆ ನೋಡಲಿಕ್ಕೂ ಹೋಗದೆ ಮನೆಮಂದಿಯನ್ನೆಲ್ಲ ಹೊರಡಿಸಿ, ಕೊಟ್ಟಿಗೆಯ ದನದ ಕಣ್ಣಿ ಬಿಚ್ಚಿ.