ಅಚ್ಚುಮೊಳೆಗಳಿಂದ ಕೈಯಾರೆ ಮುದ್ರಿಸುವ ಕ್ರಮ

ಮೊಳೆಗಳನ್ನು (ತುದಿಯಲ್ಲಿ ಅಕ್ಷರವಿರುವ ಲೋಹದ ತುಂಡುಗಳನ್ನು) ಕಂಪೋಸಿಂಗ್ ಸ್ಟಿಕ್ಕಿನಲ್ಲಿ (ಸಾಲು ಜೋಡಿಸುವ ಕೈತಟ್ಟೆಯಲ್ಲಿ) ಎಡದಿಂದ ಬಲಕ್ಕೆ, ಆದರೆ ಅಕ್ಷರಗಳು ತಲೆಕೆಳಗಾಗಿರುವಂತೆ, ಪ್ರತಿಯೊಂದರ ಬದಿಯಲ್ಲಿರುವ ಕಚ್ಚು ಮೇಲ್ಮುಖವಾಗಿದೆಯೆಂದು ಬೆರಳಿನಿಂದಲೇ ಖಚಿತಪಡಿಸಿಕೊಳ್ಳುತ್ತ ಜೋಡಿಸಬೇಕು. ಪದಗಳ ನಡುವಿನ ಸ್ಪೇಸುಗಳನ್ನು (ಅಕ್ಷರವಿಲ್ಲದ ತುಂಡುಗಳನ್ನು) ಹೊಂದಿಸಿ, ಸ್ಟಿಕ್ಕನ್ನು ತುಸು ವಾಲಿಸಿದರೂ ಸಾಲು ತಾನಾಗಿ ನಿಲ್ಲುವಷ್ಟು ಬಿಗಿ ಮಾಡಬೇಕು. ಇಲ್ಲಿ ಆತುರಪಟ್ಟರೆ ಮುಂದೆ ಯಾವ ಉಪಾಯವೂ ಫಲಿಸದು. ಹೀಗೆ ಜೋಡಿಸಿದ ಸಾಲುಗಳ ಪುಟವನ್ನು ಸಮತಟ್ಟಾದ ಕಲ್ಲಿನ ಮೇಲೆ ಚೇಸಿನೊಳಗೆ (ಲೋಹದ ಚೌಕಟ್ಟಿನೊಳಗೆ) ಇಟ್ಟು, ಸುತ್ತ ಮರದ ತುಂಡುಗಳನ್ನು ತುಂಬಿ, ಮೊಳೆಗಳ ಮುಖವನ್ನು ಮರದ ಹಲಗೆಯಿಂದ ಮೆಲ್ಲಗೆ ತಟ್ಟಿ ಸಮಗೊಳಿಸಿದ ಬಳಿಕವೇ ಕ್ವಾಯಿನುಗಳನ್ನು (ಬಿಗಿಯುವ ಬೆಣೆಗಳನ್ನು) ಪೂರ್ತಿ ಬಿಗಿಯಬೇಕು. ಮಸಿ ತೆಳುವಾಗಿರಲಿ: ರೋಲರ್ ಉರುಳುವಾಗ ರೇಷ್ಮೆ ಸರಿದಾಡಿದಂತಹ ಸಣ್ಣ ಸದ್ದು ಬರಬೇಕು. ಮೊದಲ ಪ್ರತಿಯಲ್ಲಿ ಮಸುಕಾಗಿ ಮೂಡಿದ ಅಕ್ಷರಗಳಿಗೆ ಇನ್ನಷ್ಟು ಮಸಿ ಹಚ್ಚದೆ, ಅವುಗಳ ನೇರಕ್ಕೆ ಕಾಗದದ ಹಿಂಬದಿಯ ಪ್ಯಾಕಿಂಗಿನಲ್ಲಿ (ಒತ್ತಿಗೆ ಇಡುವ ಹಾಳೆಗಳ ಪದರದಲ್ಲಿ) ತೆಳು ಹಾಳೆಯ ಚೂರನ್ನು ಅಂಟಿಸಬೇಕು. ಮುದ್ರಣ ಮುಗಿದ ಕೂಡಲೇ ಮೊಳೆಗಳನ್ನು ಸೀಮೆಎಣ್ಣೆಯಿಂದ ಒರೆಸಿ ಆಯಾ ಖಾನೆಗೆ ಹಿಂದಿರುಗಿಸಬೇಕು.